ಬೆಳಕಿನ ಚಿತ್ರ ಬರುವವರೆಗೆ

ಬೆಳಗಿನ ಐದೂ ಮುಕ್ಕಾಲು. ಕೆಂಗೇರಿ ಉಪನಗರದ ಎರಡನೇ ಮಹಡಿಯ ಮನೆಯೊಂದರಲ್ಲಿ ಗಿರಿಜಾದೇವಿ ಕಂಪ್ಯೂಟರ್ ಪರದೆಗೆ ಬಟರ್ ಪೇಪರ್ ಅಂಟಿಸಿ, ಪೆನ್ಸಿಲ್ಲಿನಲ್ಲಿ ಮೋಡದ ಅಂಚು ಎಳೆಯುತ್ತಿದ್ದಾರೆ. ಸಮುದ್ರದ ಮೇಲೆ ಬೆಳ್ಳಗೆ ಹರಡಿದ ಒಂದು ಮೋಡ. ಇತ್ತ ಘಟ್ಟಕ್ಕೆ ಒತ್ತಿಕೊಂಡು ಬೂದುಬಣ್ಣದ ಒಂದು ಚೂರು. ವೃಷಭಾವತಿ ಹೊಳೆಯ ನಾತ ಒಳಗೆ ಬಾರದಿರಲೆಂದು ಕಿಟಕಿ ಹಾಕಿಯೇ ಇದೆ. ಹೆಡ್‌ಫೋನಿನ ಆ ತುದಿಯಲ್ಲಿ ಒಂಬತ್ತು ಮಂದಿ ಇದ್ದಾರೆ. ದೂರದೂರದ ಹವಾಮಾನ ಕಚೇರಿಗಳಲ್ಲಿ ರಾತ್ರಿ ಪಾಳಿ ಮುಗಿಸುತ್ತಿರುವ ಹೊಸಬರು. ಅವರ ಪರದೆಯ ಮೇಲೂ ಬಟರ್ ಪೇಪರ್ ಇರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

"ಕಣ್ಣು ಸುಮ್ನೆ ನೋಡ್ಕೊಂಡು ಹೋಗ್ಬಿಡತ್ತೆ. ಗೀಚೋಕೆ ಕೂತ್ರೆ ಕೈ ಒಂದೊಂದ್ ಕಡೆ ನಿಲ್ಲತ್ತೆ. ನಿಂತ ಕಡೆ ಅನುಮಾನ ಇದೆ ಅಂತ ಅರ್ಥ," ಎನ್ನುತ್ತಾರೆ ಅರವತ್ತೆಂಟರ ಗಿರಿಜಾದೇವಿ.

ದಾವಣಗೆರೆಯ ಹುಡುಗಿ, ಭೌತಶಾಸ್ತ್ರ ಓದಿ ಹವಾಮಾನ ಕಚೇರಿ ಸೇರಿ, ಊರೂರು ವರ್ಗವಾಗಿ, ನಿವೃತ್ತಿಯಾದ ಮೇಲೆ ಇಲ್ಲಿ ನೆಲೆ ನಿಂತವರು. ಉಪಗ್ರಹದ ಚಿತ್ರ ಓದುವುದನ್ನು ಮನೆಯಿಂದಲೇ ಕಲಿಸುವ ಗುತ್ತಿಗೆ ಕೆಲಸ ಹಿಡಿದು ಎಂಟು ವರ್ಷವಾಯಿತು. ನಲವತ್ತು ತಂಡ, ಮುನ್ನೂರ ಅರವತ್ತು ಶಿಷ್ಯರು. ಒಬ್ಬರ ಮುಖವನ್ನೂ ಅವರು ಕಂಡಿಲ್ಲ. ಕ್ಯಾಮೆರಾ ಹಾಕಿದರೆ ನೆಟ್ ಸಾಲದೆ ಮೋಡದ ಚಿತ್ರ ಇಳಿಯುವುದಿಲ್ಲವೆಂದು ಎಲ್ಲರದ್ದೂ ಬಂದ್. ಊರಿಗೆಲ್ಲ ಮಳೆ ಹೇಳುವವರಿಗೆ ಹೇಳಿಕೊಟ್ಟವರು ಇವರೆಂಬುದು ಕೆಳಗಿನ ಮನೆಯವರಿಗೂ ಗೊತ್ತಿಲ್ಲ. ಮೇಡಂ ಟ್ಯೂಷನ್ ಮಾಡ್ತಾರೆ ಎಂದಷ್ಟೇ ಅವರ ತಿಳಿವಳಿಕೆ.

ಪಾಠದ ತಿರುಳು ಇಷ್ಟೇ. ರಾತ್ರಿ ಹೊತ್ತು ಉಪಗ್ರಹ ಮೋಡದ ನೆತ್ತಿಯ ಶಾಖ ಅಳೆದು ಚಿತ್ರ ಕಳಿಸುತ್ತದೆ. ಎತ್ತರದ, ತಣ್ಣನೆಯ ಮೋಡ ಅದರಲ್ಲಿ ಬೆಳ್ಳಗೆ ಕಾಣುತ್ತದೆ, ತಗ್ಗಿನದು ಬೂದುಬಣ್ಣದಲ್ಲಿ; ಇವರ ಬಾಯಲ್ಲಿ ಅದು ‘ಬೂದಿ’. ಹೊಸಬರೆಲ್ಲ ಬಿಳಿಗೆ ಹೆದರುತ್ತಾರೆ. ಆದರೆ ಎಷ್ಟೋ ಸಲ ಆ ಬಿಳಿ ಬರೀ ತೆಳುಪರದೆ; ಘಟ್ಟಕ್ಕೆ ಅಂಟಿದ ಬೂದಿಯೇ ಸುರಿದು ಹಾಕುವುದು. ಹೊತ್ತು ಹುಟ್ಟಿದ ಮೇಲೆ ಬರುವ ಬೆಳಕಿನ ಚಿತ್ರದಲ್ಲಿ ಮಾತ್ರ ಯಾವುದು ದಪ್ಪ, ಯಾವುದು ತೆಳು ಎಂಬುದು ಬಯಲಾಗುತ್ತದೆ. ಅದಕ್ಕೇ ಆರೂಕಾಲಿಗೆ ಪಾಠ ಮುಗಿದರೂ ಗಿರಿಜಾದೇವಿ ಯಾರನ್ನೂ ಬಿಡುವುದಿಲ್ಲ. ಇನ್ನರ್ಧ ಗಂಟೆ ಒಂಬತ್ತು ಮಂದಿಯೂ ಸುಮ್ಮನೆ ಕೂರಬೇಕು. ಯಾರೋ ಆಕಳಿಸುವುದು, ಯಾರದೋ ಫ್ಯಾನಿನ ಕಿರಗುಟ್ಟುವಿಕೆ ಕೇಳುತ್ತಿರುತ್ತದೆ.

ಕಾಯುವಾಗ ಪ್ರತಿ ತಂಡಕ್ಕೂ ಅವರು ಒಂದು ಕಥೆ ಹೇಳುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಕರಾವಳಿಯ ಕಚೇರಿಯೊಂದರಲ್ಲಿ ಒಬ್ಬಾಕೆ ಪಾಳಿಯಲ್ಲಿದ್ದಳು. ಬಿಳಿ ಮೋಡ ಕಂಡ ಕಡೆಗೆ ಎಚ್ಚರಿಕೆ ಬರೆದಳು, ಬೂದಿ ಕಂಡ ಕಡೆಗೆ ಹಗುರ ಮಳೆ ಎಂದಳು. ಆರಕ್ಕೆ ಪಾಳಿ ಮುಗಿಯಿತು, ಆರೂ ಹತ್ತಕ್ಕೆ ಬಸ್ಸು. ಬೆಳಕಿನ ಚಿತ್ರಕ್ಕೆ ಕಾಯದೆ ಹೊರಟಳು. ಒಂಬತ್ತರ ಹೊತ್ತಿಗೆ ಬೂದಿ ಕಂಡ ಕಡೆಯೇ ಮಳೆ ಸುರಿದು, ಕಾಲುಸಂಕ ಕೊಚ್ಚಿಹೋಗಿ ಹಳ್ಳದಲ್ಲಿ ನಾಲ್ವರು ತೀರಿಕೊಂಡಿದ್ದರು. ಆ ಒಬ್ಬಾಕೆ ಯಾರೆಂದು ಗಿರಿಜಾದೇವಿ ಯಾವ ತಂಡಕ್ಕೂ ಹೇಳಿಲ್ಲ. ಅದು ಅವರೇ. "ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದ್ದೆ," ಎಂದು ತರಗತಿಯ ಹೊರಗೆ ನಮಗೆ ಹೇಳುವಾಗ ಅವರ ಕೈ ಸುಮ್ಮನೆ ಪೆನ್ಸಿಲ್ ಹೆರೆಯುತ್ತಿರುತ್ತದೆ. ಆ ನಿದ್ದೆಯನ್ನು ಅವರು ಇಂದಿಗೂ ತಮಗೆ ತಾವು ಕ್ಷಮಿಸಿಕೊಂಡಿಲ್ಲ.

ಇಂದು ಕೊನೆಯ ತರಗತಿ. ಬರುವ ತಿಂಗಳಿನಿಂದ ತರಬೇತಿ ಸಂಸ್ಥೆ ಹನ್ನೆರಡು ನಿಮಿಷದ ರೆಕಾರ್ಡ್ ಪಾಠಗಳನ್ನಷ್ಟೇ ಕೊಡುತ್ತದೆ. ದನಿ ಇವರದೇ. ಸಂಸ್ಥೆಯ ಅರುಣ ಕಳೆದ ವಾರ ಫೋನ್ ಮಾಡಿದ್ದ.

"ಮೇಡಂ, ಎಡಿಟಿಂಗ್ ಮುಗೀತು. ಸಖತ್ತಾಗಿ ಬಂದಿದೆ. ಆ ಅರ್ಧ ಗಂಟೆ ಮಾತ್ರ ಕಟ್ ಮಾಡಿದೀವಿ."

"ಅದೇ ಪಾಠ ಕಣಪ್ಪ."

"ಅದರಲ್ಲಿ ಏನೂ ನಡೆಯಲ್ವಲ್ಲ, ಮೇಡಂ. ಯಾರೂ ಕೂತ್ಕೊಂಡು ನೋಡಲ್ಲ."

"ಪೂರ್ತಿ ಬೇಡ, ಐದು ನಿಮಿಷನಾದ್ರೂ ಇಡಿ," ಎಂದು ಕೇಳಿಕೊಂಡರು. ಆಗಲಿಲ್ಲ. ಸಿಟ್ಟು ಬಂತೇ ಎಂದರೆ, ಹುಡುಗ ಒಳ್ಳೆಯವನೇ ಎನ್ನುತ್ತಾರೆ. ಈ ಕಾಯುವಿಕೆಯನ್ನು ಇನ್ನು ಯಾರು ಕಲಿಸುತ್ತಾರೆಂಬ ಚಿಂತೆ ಮಾತ್ರ ಅವರನ್ನು ಒಳಗೊಳಗೇ ತಿನ್ನುತ್ತಿದೆ.

ಆರೂ ಮುಕ್ಕಾಲಿಗೆ ಬೆಳಕಿನ ಚಿತ್ರ ಇಳಿಯುತ್ತದೆ. ಸಮುದ್ರದ ಬಿಳಿ ಕರಗಿ ತೆಳು ಗೆರೆಯಾಗಿದೆ. ಘಟ್ಟದ ಬೂದಿ ಗಟ್ಟಿಯಾಗಿ, ಗಂಟುಗಂಟಾಗಿ ಕೂತಿದೆ. ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ ಮೇಡಂ ಎನ್ನುತ್ತ ಎಂಟು ದನಿಗಳು ಒಂದೊಂದಾಗಿ ಆರುತ್ತವೆ. ಉಳಿದವಳು ರಕ್ಷಾ, ವಿಜಯನಗರದ ಹುಡುಗಿ, ಈಗ ಕರಾವಳಿಯ ಕಚೇರಿಯೊಂದರಲ್ಲಿ ಇದ್ದಾಳೆ.

"ಮೇಡಂ, ಸೋಮವಾರ ಇಂಥದ್ದೇ ಬೂದಿ ಇತ್ತು. ಪಾಳಿ ಮುಗಿದ್ರೂ ಮನೆಗೆ ಹೋಗ್ಲಿಲ್ಲ. ಬೆಳಕಿನ ಚಿತ್ರದಲ್ಲೂ ದಪ್ಪಗೆ ಕಾಣ್ತು, ನಮ್ಮ ಆಫೀಸ್ ಸಾರ್‌ನ ಎಬ್ಸಿ, ಎಚ್ಚರಿಕೆ ಕೊಡಿಸ್ದೆ. ಶಾಲೆಗೆಲ್ಲ ರಜಾ ಕೊಟ್ರು."

"ಮಳೆ?"

"ನಾಲ್ಕು ಹನಿ. ಹತ್ತು ಗಂಟೆಗೆ ಬಿಸಿಲು. ಎಲ್ರೂ ಬೈದ್ರು ಮೇಡಂ. ಸಾರ್ ಅಂತೂ ಎಲ್ರ ಮುಂದೆನೇ ಬೈದ್ರು. ಇನ್ಮೇಲೆ ಕಾಯೋಕೆ ಭಯ ಆಗ್ತಿದೆ."

ಗಿರಿಜಾದೇವಿ ಪರದೆಯಿಂದ ಬಟರ್ ಪೇಪರ್ ಬಿಡಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಮುನ್ನೂರ ಅರವತ್ತು ಮಂದಿಗೆ ಹೇಳದಿದ್ದ ಮಾತು ಈಗ ಹೊರಡುತ್ತದೆ.

"ರಕ್ಷಾ, ಬಸ್ ಹತ್ತಿ ಹೋದ್ಳಲ್ಲ ಒಬ್ಳು, ಅದು ನಾನೇ ಕಣಮ್ಮ."

ಪೆನ್ಸಿಲ್ಲನ್ನು ಬದಿಗಿಟ್ಟು ಮುಂದುವರಿಸುತ್ತಾರೆ.

"ಅವತ್ತು ನನ್ನನ್ನ ಯಾರೂ ಬೈಲಿಲ್ಲ. ಎಲ್ರಿಗೂ ಆಗತ್ತೆ ಬಿಡಿ ಅಂದ್ರು. ಯಾರಾದ್ರೂ ಬೈತಾರೇನೋ ಅಂತ ಇಪ್ಪತ್ತೆರಡು ವರ್ಷದಿಂದ ಕಾಯ್ತಾ ಇದೀನಿ. ನಿಂಗೆ ಬೈಯೋದು ಒಂದೇ ದಿನಕ್ಕೆ ಮುಗೀತು, ಊರವರೆಲ್ಲ ಸುಖವಾಗಿ ಮನೇಲಿದಾರೆ. ಹೋಗು, ಚೆನ್ನಾಗಿ ನಿದ್ದೆ ಮಾಡು."