ಜೆ.ಪಿ. ಆಗಲು ಬಂದವರು

ಆಕ್ಲೆಂಡಿನ ಕೋರ್ಟಿನ ಕಾರಿಡಾರಿನಲ್ಲಿ ಅಣ್ಣನ ಮಗಳು ಸುಮಿತ್ರಾಳ ಜೊತೆ ಕೂತಿದ್ದೇನೆ. ಇಲ್ಲಿ ಜೆ.ಪಿ., ಅಂದರೆ ಜಸ್ಟಿಸ್ ಆಫ್ ದ ಪೀಸ್, ಎಂಬ ಗೌರವ ಹುದ್ದೆ ಇದೆ. ಸಂಬಳವಿಲ್ಲ, ಜನರ ಕಾಗದಪತ್ರ ದೃಢೀಕರಿಸಬೇಕು, ತರಬೇತಿ ಪಡೆದರೆ ಸಣ್ಣಪುಟ್ಟ ಮೊಕದ್ದಮೆಗಳನ್ನೂ ಕೇಳಬಹುದು. ಅದಕ್ಕೆ ಇಂದು ಅವಳ ಸಂದರ್ಶನ. ಧಾರವಾಡದಲ್ಲಿ ವಕೀಲೆಯಾಗಿದ್ದವಳು ಈಗ ಇಲ್ಲಿನ ಪೆನ್‌ರೋಸ್ ಬಡಾವಣೆಯ ಗೋದಾಮಿನಲ್ಲಿ ಬಾಕ್ಸ್ ಪ್ಯಾಕ್ ಮಾಡುತ್ತಾಳೆ. ಮತ್ತೆ ನ್ಯಾಯದ ಕೆಲಸಕ್ಕೆ ಕೂರುವ ಆಸೆ ಅವಳನ್ನು ಬಿಟ್ಟಿಲ್ಲ.

“ಗೋದಾಮಿನ ಮಾತು ತೆಗೀಬ್ಯಾಡವಾ. ಚಲೋ ಮಾಲು ಮುಂದಿಡು,” ಎಂದೆ. ಮೆಣಸಿನಕಾಯಿ ದಲಾಲಿಯಲ್ಲಿ ಮೇಲೆ ಬಂದವನು ನಾನು, ಬುದ್ಧಿ ಹೇಳದೆ ಇರಲಾರೆ.

ಎದುರಿಗಿದ್ದ ಬಿಳಿ ಮುದುಕನೂ ಉಮೇದುವಾರನೇ. ಕುರಿಮಾಂಸದ ಅಂಗಡಿ ನಡೆಸಿದವನೆಂದು ತಾನಾಗಿಯೇ ಹೇಳಿಕೊಂಡ. ಅವನ ಪಕ್ಕ ಸರದಿಗೆ ಕಾದಿದ್ದಾಕೆ ಬಸ್ ಓಡಿಸುವವಳು. ಇಂಥವರೂ ನ್ಯಾಯ ಹೇಳಬಹುದೇ ಎಂದು ನನಗೆ ಬೆರಗಾಯಿತು, ಹಿಂದೆಯೇ ಬ್ಯಾಡಗಿ ಪೇಟೆ ನೆನಪಾಯಿತು. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲವದು. ಎಷ್ಟು ಬೆರಳು ಹಿಡಿದದ್ದೆಂದು ಜಗಳ ಬಿದ್ದರೆ ನಾವು ವಕೀಲರ ಬಳಿ ಹೋದವರಲ್ಲ. ಚಹಾದಂಗಡಿಯ ಫಕೀರಪ್ಪನ ಬಳಿ ಹೋಗುತ್ತಿದ್ದೆವು. ಇಬ್ಬರಿಗೂ ಶುಂಠಿ ಚಹಾ ಕುಡಿಸಿ, ಮುಖ ನೋಡಿ ತೀರ್ಪು ಹೇಳುತ್ತಿದ್ದ. ಸೋತವನೂ ಮರುದಿನ ಅಲ್ಲಿಗೇ ಚಹಾಕ್ಕೆ ಬರುತ್ತಿದ್ದ. ಅಂಥ ಅಂಗಡಿ ಈಗೆಲ್ಲಿ?

ಒಳಗಿನಿಂದ ಸುಮಿತ್ರಾಳ ಹೆಸರು ಕರೆದರು.

“ಕಾಕಾ, ಈಗೇನು ಕೆಲಸ ಅಂತ ಕೇಳಿದ್ರ ಏನ ಹೇಳ್ಲಿ?”

“ಗೋದಾಮಿನ್ಯಾಗ ಜಗಳ ಬಿದ್ರ ಯಾರ ಕಡೆ ಬರ್ತಾರ?”

“ನನ್ನ ಕಡೇನ.”

“ಹಂಗಾರ ಅದನ್ನ ಮೊದಲು ಹೇಳು.”

“ಈಗಷ್ಟ ಬ್ಯಾಡ ಅಂದ್ರಲ್ಲಾ!”

“ಅದು ಆಗಿನ ದರ, ನಡಿಯವಾ.”

ನಗುತ್ತಲೇ ಬಾಗಿಲು ದೂಡಿ ಒಳಗೆ ಹೋದಳು.