ಔರಾದಿನ ಕಿಟಕಿಯಲ್ಲಿ ಬೇರೆಯವರ ಎಲುಬು

—ಅದಲುಬದಲಾದವು, ನನ್ನ ಕೈಯಲ್ಲೇ, ಅಷ್ಟು ಖಚಿತ. ಉಳಿದದ್ದು ಖಚಿತವಿಲ್ಲ. ಸುಮನಬಾಯಿ, ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದು ಮುಗಿಯುತ್ತಿಲ್ಲ, ನಿದ್ದೆಯಿಲ್ಲ ಎಂದು ಆವತ್ತು ನೀವು ಹೇಳಿದ ನೆನಪಿದೆ. ಹಾಗಾದರೆ ಜೂನ್ ಇರಬೇಕು. ಆದರೆ ನನ್ನ ನೆನಪಿನಲ್ಲಿ ನಿಮ್ಮ ಮೈಮೇಲೆ ಸ್ವೆಟರ್ ಇದೆ. ಬೀದರದಲ್ಲಿ ಜೂನ್ ತಿಂಗಳಲ್ಲಿ ಯಾರು ಸ್ವೆಟರ್ ಹಾಕುತ್ತಾರೆ? ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತಿಳಿಯದೆಯೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಬೀದರದ ನೌಬಾದದ ಒಂದು ಸಣ್ಣ ಎಕ್ಸ್‌ರೇ ಸೆಂಟರಿನಲ್ಲಿ ಫಿಲ್ಮ್ ತೆಗೆಯುತ್ತಿದ್ದವನು ನಾನು. ನೀವು ಒಂದು ವಾರದ ಸೊಂಟನೋವು ಹೊತ್ತು ಔರಾದಿನಿಂದ ಬಂದಿರಿ. ಅದೇ ಬೆಳಿಗ್ಗೆ ಭಾಲ್ಕಿಯಿಂದ ಟೆಂಪೋ ಡ್ರೈವರ್ ಖಾಸಿಂ ಭಾಯಿ ಬಂದಿದ್ದರು, ಅವರದೂ ಸೊಂಟವೇ. ಆಗ ನಮ್ಮಲ್ಲಿ ಫಿಲ್ಮಿನ ಮೇಲೆ ಹೆಸರು ಅಚ್ಚಾಗುತ್ತಿರಲಿಲ್ಲ. ಕತ್ತಲೆ ಕೋಣೆಯ ಕೆಂಪು ಬಲ್ಬಿನ ಕೆಳಗೆ ತೊಳೆದು, ತಂತಿಗೆ ತೂಗುಹಾಕಿ, ಒಣಗಿದ ಮೇಲೆ ಮೂಲೆಯಲ್ಲಿ ಹೆಸರು ಬರೆಯುತ್ತಿದ್ದೆ. ತೂಗುಹಾಕಿದ ಕ್ರಮವೊಂದೇ ಗುರುತು. ಬೇಗ ಒಣಗಲೆಂದು ನಿಮ್ಮದನ್ನು ಫ್ಯಾನಿನ ಹತ್ತಿರ ಸರಿಸಿದೆ— ಸರಿಸಿದೆನೇ? ಇನ್ನೊಂದು ನೆನಪಿನಲ್ಲಿ ಕರೆಂಟೇ ಇಲ್ಲ, ಫ್ಯಾನ್ ತಿರುಗುತ್ತಲೇ ಇಲ್ಲ.

ಹೇಗೋ, ಖಾಸಿಂ ಭಾಯಿಯ ಬೆನ್ನೆಲುಬು ನಿಮ್ಮ ಹೆಸರು ಹೊತ್ತು ಔರಾದಿಗೆ ಹೋಯಿತು. ಸೊಂಟದ ನಾಲ್ಕನೆಯ ಎಲುಬಿನ ಎಡಗಡೆ ಕೊಕ್ಕಿನಂತೆ ಬೆಳೆದ ಮೊನೆ, ಅದರ ಕೆಳಗೆ ಸವೆದ ಸಂದು. ಬಗ್ಗಬೇಡಿ, ಎತ್ತಬೇಡಿ, ಹೊಲಿಗೆ ಮಷಿನ್ ತುಳಿಯಬೇಡಿ ಎಂದರಂತೆ ಡಾಕ್ಟರು. ನಿಮ್ಮ ಎಲುಬು ಭಾಲ್ಕಿಗೆ ಹೋಯಿತು.

ಇಲ್ಲಿಯವರೆಗಿನದು ತಪ್ಪು. ಮುಂದಿನದಕ್ಕೆ ಆ ಹೆಸರು ಸಾಲದು.

ಎರಡು ವರ್ಷ ಕಳೆದು ನೀವು ನಿಮ್ಮ ಅತ್ತೆಯ ಜೊತೆ ಮತ್ತೆ ಬಂದಿರಿ. ಗೋಡೆ ಹಿಡಿದು ನಡೆಯುತ್ತಿದ್ದಿರಿ. ಪ್ಲಾಸ್ಟಿಕ್ ಚೀಲದಿಂದ ಹಳೆಯ ಫಿಲ್ಮ್ ತೆಗೆದಿರಿ. ಅಂಚು ಸವೆದು ಮೆತ್ತಗಾಗಿತ್ತು.

"ಕಿಟಕಿಗೆ ಸಿಗಿಸೀನ್ರಿ ಅಣ್ಣಾ. ದಿನಾ ಮುಂಜಾನಿ ನೋಡ್ತೇನಿ, ಬೆಳದದೇನು ಅಂತ."

"ಇದಕ್ಕ ದೀಪಾ ಹಚ್ಚೋದೊಂದು ಬಾಕಿ ಅದ ನೋಡ್ರಿ," ಎಂದರು ಅತ್ತೆ. "ಈ ಕರೀ ಕಾಗದ ಇಲ್ಲಂದ್ರ ಇಕಿ ಕೆಲಸಗಳ್ಳಿ ಅಂತ ನಾ ಸುಮ್ಮ ಬಿಡ್ತಿದ್ದಿಲ್ಲ. ಇದೇ ನನ್ನ ಬಾಯಿ ಮುಚ್ಚಸ್ಯಾದ."

ಎಲ್ಲಿ ನೋವು ಎಂದು ಕೇಳಿದೆ. ನೀವು ಫಿಲ್ಮಿನತ್ತ ನೋಡಲೂ ಇಲ್ಲ. ಬೆನ್ನ ಹಿಂದೆ ಕೈ ಹಾಕಿ ಸೊಂಟದ ಎಡಗಡೆ ಒಂದು ಬೆರಳಿಟ್ಟಿರಿ— ಕೊಕ್ಕು ಇರುವ ಜಾಗಕ್ಕೆ, ಸರಿಯಾಗಿ. ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಮೊದಲ ಸಲ ಬಂದಾಗ ನಿಮ್ಮ ನೋವು ಬಲಗಡೆ ಇತ್ತೆಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು.

ಹೊಸ ಫಿಲ್ಮ್ ತೆಗೆದೆ. ಕೆಂಪು ಬೆಳಕಿನಲ್ಲಿ ನೀರೊಳಗಿಂದ ಎಲುಬು ಒಂದೊಂದಾಗಿ ಮೇಲೆದ್ದು ಬಂದವು. ಸ್ವಚ್ಛ. ಎಡಗಡೆ ಏನೂ ಇಲ್ಲ. ಒಣಗಿಸಿ ಹೆಸರು ಬರೆದು, ಹಳೆಯದನ್ನು ಪಕ್ಕದಲ್ಲಿ ಹಿಡಿದೆ. ಎರಡರ ಮೇಲೂ ನಿಮ್ಮದೇ ಹೆಸರು, ಎಲುಬು ಇಬ್ಬರದು. ಹೊರಗೆ ಬೆಂಚಿನ ಮೇಲೆ ನೀವು ನರಳುವುದು ಬಾಗಿಲ ಸಂದಿನಿಂದ ಕೇಳುತ್ತಿತ್ತು. ಈ ಬೆನ್ನು ನರಳುವಂಥದ್ದಲ್ಲ. ಆದರೂ ನರಳುತ್ತಿತ್ತು.

ಹೊರಗೆ ಬಂದು ನಾನು ಹೇಳಿದ್ದು ಇಷ್ಟು— ಇದರಲ್ಲಿ ಮಾತ್ರ ನನ್ನ ನೆನಪು ಒಂದಕ್ಷರ ತಪ್ಪುವುದಿಲ್ಲ: "ಫಿಲ್ಮ್ ಕೆಟ್ಟು ಹೋಗ್ಯಾದ್ರಿ, ಬೆಳಕು ಬಿದ್ದದ. ಆದ್ರ ನಾ ಒಳಗ ನೋಡೀನಿ. ಹಳೇದರಂಗೇ ಅದ. ಏನೂ ಬದಲಾಗಿಲ್ಲ."

"ಹೆಚ್ಚಾಗಿಲ್ಲಲ್ಲ," ಎಂದಿರಿ ನೀವು. "ಅಷ್ಟೇ ಸಾಕ್ರಿ ಅಣ್ಣಾ."

ಕೆಲಸ ಹೋದೀತೆಂಬ ಭಯ. ಬೇರೆ ಕಾರಣವಿಲ್ಲ. ನಿಮ್ಮ ಸ್ವಚ್ಛ ಎಲುಬನ್ನು ಶರ್ಟಿನೊಳಗೆ ಸುತ್ತಿಟ್ಟುಕೊಂಡು ಮನೆಗೆ ಒಯ್ದೆ. ಅಲಮಾರಿಯಲ್ಲಿ ಇನ್ನೂ ಇದೆ.

ಅದೇ ವರ್ಷ ಭಾಲ್ಕಿ ಬಸ್ ಸ್ಟ್ಯಾಂಡಿನ ಹೊರಗೆ ಖಾಸಿಂ ಭಾಯಿ ಕಂಡರು. ಹೆಗಲ ಮೇಲೆ ಉಳ್ಳಾಗಡ್ಡಿ ಚೀಲ ಹೊತ್ತು ಟೆಂಪೋದಿಂದ ಕೆಳಗೆ ಜಿಗಿದರು. ಜಿಗಿಯುವಾಗ ಆ ಕೊಕ್ಕು ಎಲ್ಲಿ ಚುಚ್ಚುತ್ತದೆಂದು ನನ್ನ ಕಣ್ಣು ಅಂಗಿಯ ಮೇಲಿಂದಲೇ ಹುಡುಕಿತು. "ಸೊಂಟ ಹ್ಯಾಂಗದ ಭಾಯಿ?" ಎಂದೆ.

"ದರ್ದ್ ಆವತ್ತೇ ಮಾಯ ಆಯ್ತು," ಎಂದು ನಕ್ಕರು. "ಖಾಸಿಂ, ನಿನ್ನ ಎಲುಬು ಹೆಣ್ಣಮಕ್ಕಳ ಹಡ್ಡಿ ಇದ್ದಂಗ ಸಾಫ್ ಅದ ಅಂದ್ರು ಡಾಕ್ಟರ್ ಸಾಬ್. ಮನ್ಯಾಗ ಇನ್ನೂ ಚೇಷ್ಟಿ ಮಾಡ್ತಾರ."

ನಾನೂ ನಕ್ಕೆ.

ಈಗ ನಾನು ಬೇರೆ ಆಸ್ಪತ್ರೆಯಲ್ಲಿದ್ದೇನೆ. ಅಲ್ಲಿಗೆ ಬರುವ ನೋವಿನ ಡಾಕ್ಟರು ಕಳೆದ ವರ್ಷ ಒಬ್ಬ ಮುದುಕನಿಗೆ ಹೇಳುತ್ತಿದ್ದರು: "ನೋವು ಎಲುಬಿನ್ಯಾಗ ಕುಂತಿರಂಗಿಲ್ಲ ಕಾಕಾ. ಮಿದುಳು ಅದನ್ನ ಕಾವಲು ನಾಯಿಯಂಗ ಸಾಕಿರ್ತದ. ಕಳ್ಳ ಬಂದಾನ ಅಂತ ಒಮ್ಮೆ ನಂಬಸ್ರಿ, ಆಮ್ಯಾಲ ಎಲಿ ಅಲುಗಾಡಿದ್ರೂ ಬೊಗಳತದ. ಚಿಂತಿ, ನಿದ್ದಿಗೇಡು ಕೂಡಿದ್ರ ಮತ್ತೂ ಜಾಸ್ತಿ."

"ಅಂದ್ರ ನಂದು ಸುಳ್ಳು ನೋವೇನ್ರಿ?" ಎಂದ ಮುದುಕ.

"ನೋವಿನ್ಯಾಗ ಸುಳ್ಳು ಇಲ್ಲ ಕಾಕಾ."

ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ನಿಮ್ಮ ಮನೆಗೆ ಕಳ್ಳ ಬಂದನೆಂದು ಕೂಗಿದವನು ನಾನು. ಎರಡು ಸಲ ಕೂಗಿದವನು.

ಹೋದ ತಿಂಗಳು ಔರಾದಿಗೆ ಬಂದಿದ್ದೆ. ಹಗಲು ಹನ್ನೊಂದು ಗಂಟೆ. ಹೊಲಿಗೆ ಮಷಿನ್ ಮೇಲೆ ಹಾಸಿಗೆಗಳನ್ನು ಪೇರಿಸಿದ್ದರು. ಕಿಟಕಿಯಲ್ಲಿ ಫಿಲ್ಮ್ ಇನ್ನೂ ಇತ್ತು, ಬಿಸಿಲು ಅದರೊಳಗಿಂದ ಹಾಯ್ದು ನಿಮ್ಮ ತೊಡೆಯ ಮೇಲೆ ಬೂದು ಬಣ್ಣದ ಚೌಕವಾಗಿ ಬಿದ್ದಿತ್ತು. ನೀವು ಎಡಗೈ ಸೊಂಟಕ್ಕೆ ಕೊಟ್ಟು ಎದ್ದಿರಿ. ಕುರ್ಚಿಯ ಹಿಡಿಕೆಯಿಂದ ಬಾಗಿಲ ಚೌಕಟ್ಟಿನವರೆಗೆ ನಾಲ್ಕು ಹೆಜ್ಜೆ. ನಾಲ್ಕರಲ್ಲೂ ತುಟಿ ಕಚ್ಚಿದಿರಿ.

"ಯಾರು ಬೇಕಾಗಿತ್ರಿ?"

"ಮನಿ ತಪ್ಪಿ ಬಂದೇನ್ರಿ," ಎಂದೆ. ಒಳಗಿನಿಂದ ಅತ್ತೆ ಕೆಮ್ಮಿದರು. ಫಿಲ್ಮ್ ನಿಮ್ಮದಲ್ಲವೆಂದು ತಿಳಿದರೆ ಆ ಬಾಯಿ ಮತ್ತೆ ತೆರೆಯುತ್ತದೆ, ಹನ್ನೊಂದು ವರ್ಷದ ನೋವು ನಾಟಕವಾಗುತ್ತದೆ— ಅದಕ್ಕೇ ಹೇಳಲಿಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಬೀದರ ಬರುವಷ್ಟರಲ್ಲಿ ಅದೂ ನನ್ನನ್ನು ಉಳಿಸಿಕೊಳ್ಳುವ ಮಾತೆಂದು ಗೊತ್ತಾಯಿತು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಫಿಲ್ಮಿನ ಜೊತೆ ನಾನೇ ತರುತ್ತೇನೆ, ನಿಮ್ಮ ಅತ್ತೆಯ ಎದುರಿಗೇ ಓದುತ್ತೇನೆ: ಎಲುಬು ಬೇರೆಯವರದು, ನೋವು ಇವರದೇ, ತಂದವನು ನಾನು. ಅವರು ನಂಬದಿದ್ದರೆ ಮತ್ತೆ ಬರುತ್ತೇನೆ. ಖಾಸಿಂ ಭಾಯಿಗೆ ಹೇಳಬೇಕೋ ಬೇಡವೋ ತಿಳಿಯದು. ಹೇಳಿದ ಮರುದಿನ ಅವರು ಹಾಸಿಗೆಯಿಂದ ಏಳದೆ ಹೋದರೆ?

ನಿಜ ತಿಳಿದರೆ ಇಂಥ ನೋವು ಹೋಗುತ್ತದೆಯೇ ಎಂದು, ಯಾರದೋ ವಿಷಯವೆಂಬಂತೆ, ಡಾಕ್ಟರನ್ನು ಕೇಳಿದೆ. ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಇಲ್ಲ ಎಂದರು. ನೀವು ಯಾವ ಕೆಲವರಲ್ಲಿ ಒಬ್ಬರೋ, ನನಗೆ ಗೊತ್ತಿಲ್ಲ.