ಗ್ರಂಥಾಲಯ ಕರ ಮತ್ತು ನಮ್ಮ ಲೈಬ್ರರಿ ಮೇಡಂ

ಲೈಬ್ರರಿ ಮೇಡಂ ಬೆರಳ ತುದಿಗಳಲ್ಲಿ ಸದಾ ಒಣಗಿದ ಗೋಂದಿನ ಪೊರೆ ಇರುತ್ತಿತ್ತು. ಹರಿದ ಪುಸ್ತಕಕ್ಕೆ ರಟ್ಟು ಅಂಟಿಸಿ, ಮಾತಾಡುತ್ತಲೇ ಆ ಪೊರೆ ಸುಲಿಯುತ್ತಿದ್ದರು. ಹುಬ್ಬಳ್ಳಿ ಕಡೆಯವರು. ಬ್ಯಾಟರಾಯನಪುರದ ಬಾಡಿಗೆ ರೂಮಿನಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದ ನನಗೆ ಅವರು ಕಿಟಕಿ ಪಕ್ಕದ ಕುರ್ಚಿಯನ್ನೇ ಕೊಟ್ಟಿದ್ದರು.

ಒಂದು ಪೇಪರನ್ನು ಹಾಳೆ ಹಾಳೆಯಾಗಿ ಬಿಡಿಸಿ ಎಲ್ಲರಿಗೂ ಹಂಚುವುದು ಅವರ ಪದ್ಧತಿ. ಕ್ರಿಕೆಟ್ ಪುಟಕ್ಕೆ ಕೈಚಾಚಿದವರಿಗೆ ಮೊದಲು ಸಂಪಾದಕೀಯ ಕೊಟ್ಟು, "ಊಟ ಮುಗೀಲಿ, ಆಮ್ಯಾಲ ಪಾಯಸ" ಎನ್ನುತ್ತಿದ್ದರು.

ಯಾರಾದರೂ ಥ್ಯಾಂಕ್ಸ್ ಎಂದರೆ ಮಾತ್ರ ರೇಗುತ್ತಿದ್ದರು. "ಥ್ಯಾಂಕ್ಸ್ ಯಾಕ್ರೀ? ನಾ ಏನ್ ದಾನಾ ಮಾಡೇನೇನು? ಮನಿ ಕಂದಾಯದ ರಸೀದಿ ನೋಡ್ರಿ, ಗ್ರಂಥಾಲಯ ಕರ ಅಂತ ಬರದಾರ. ಇದು ನಿಮ್ದ ರೊಕ್ಕ." ನಾನು ಬಾಡಿಗೆಯವನು ಎಂದರೆ, "ನಿಮ್ಮ ಓನರ್ ಅದನ್ನ ಬಾಡಿಗ್ಯಾಗ ಸೇರಸ್ದ ಬಿಡ್ತಾನೇನೋ ತಮ್ಮಾ?" ಎಂದು ನಕ್ಕಿದ್ದರು.

ಆಮೇಲೆ ಹೊಸ ಪುಸ್ತಕ ಬರುವುದು ನಿಂತಿತು, ಪೇಪರುಗಳೂ ನಿಂತವು. ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಕಂದಾಯದ ರಸೀದಿಯನ್ನು ಮೇಡಂ ಮೇಜಿನ ಮೇಲೆ ಬಡಿದರು. "ಇಲ್ಲೇ ಬರ್ದವ್ರಲ್ಲಮ್ಮ! ನಮ್ ದುಡ್ಡು ಯಾರ್ ತಿಂದ್ರು? ಹೇಳ್ಕೊಟ್ಟೋರು ನೀವೇ, ಉತ್ರಾನೂ ನೀವೇ ಕೊಡಿ."

ಮೇಡಂ ಪಾಲಿಕೆ ಕಚೇರಿಗೆ ಬರೆದರು, ಅಲೆದರು. ಕರ ವಸೂಲಾಗಿದೆ, ಗ್ರಂಥಾಲಯಕ್ಕೆ ಇನ್ನೂ ವರ್ಗಾವಣೆಯಾಗಿಲ್ಲ ಎಂಬ ಉತ್ತರ ಬಂತು. "ಹೆಸರಷ್ಟ ನಮ್ದು" ಎಂದರು. "ಇಷ್ಟ ವರ್ಷ ಜನರ ಮುಂದ ಸುಳ್ಳ ಹೇಳಿದಂಗ ಆತಲ್ಲೋ ತಮ್ಮಾ."

ಸುಳ್ಳು ಹೇಳಿದವರು ಅವರಲ್ಲ. ಹೇಳಿದ್ದು, ಪುಸ್ತಕದ ಹೆಸರಿಟ್ಟು ನಮ್ಮಿಂದ ಹಣ ಕಟ್ಟಿಸಿಕೊಂಡವರು. ಬೈಗುಳ ಮಾತ್ರ ಮೇಡಂ ಪಾಲಿಗೆ ಬಂತು.

ಕೆಲವು ದಿನಗಳಲ್ಲಿ ಮೇಜಿನ ಮೇಲೆ ಮತ್ತೆ ಎರಡು ಪೇಪರ್ ಕಂಡವು. ಹೇಗೆ ಬಂದವೆಂದು ನಾವ್ಯಾರೂ ಕೇಳಲಿಲ್ಲ. ಆದರೆ ನಿಮ್ದ ರೊಕ್ಕ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಈಗ ಮೇಡಂ ಇಲ್ಲ. ಲೈಬ್ರರಿಗೆ ಬೀಗ ಬಿದ್ದಿದೆ. ರಾಜಾನುಕುಂಟೆಯ ನನ್ನ ಮನೆಯ ರಸೀದಿಯಲ್ಲಿ ಗ್ರಂಥಾಲಯ ಕರ ಈ ವರ್ಷವೂ ಇದೆ, ಕಟ್ಟಿದ್ದೇನೆ.

ಅವರನ್ನು ಕೊನೆಯ ಸಲ ನೋಡಿದ್ದು ಹೆಬ್ಬಾಳದ ಆಸ್ಪತ್ರೆಯಲ್ಲಿ. ಬೆರಳುಗಳಲ್ಲಿ ಗೋಂದು ಇರಲಿಲ್ಲ. ನನಗೆ ಕೆಲಸ ಸಿಕ್ಕಿದ್ದು ಹೇಳಿ, ಬೈಸಿಕೊಳ್ಳಲೆಂದೇ, ಥ್ಯಾಂಕ್ಸ್ ಮೇಡಂ ಎಂದೆ. ಅವರು ಬೈಯಲಿಲ್ಲ.

"ಈ ಸಲ ತಗೋತೀನೋ ತಮ್ಮಾ" ಎಂದರು. "ಕಡೀಕ ಬರ್ತಿದ್ದ ಆ ಎರಡ ಪೇಪರ್ ನನ್ನ ಪಗಾರದ ರೊಕ್ಕದ್ದು."